ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಟ್ಟರೆ ಮುಂದೇನು? ಸೆಷನ್ಸ್ ಕೋರ್ಟಿನ ಅಪೀಲು ನಡೆಯುವ ಬಗೆ

ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿಕ್ಷೆಯ ತೀರ್ಪು ಬಂತು ಅಂದರೆ ಮನೆಯವರು ವಕೀಲರನ್ನು ಮೊದಲು ಕೇಳುವುದು ಎರಡೇ ಮಾತು. ಈಗಲೇ ಜೈಲಿಗೆ ಕರೆದುಕೊಂಡು ಹೋಗುತ್ತಾರಾ? ಅಪೀಲು ಹಾಕಿದರೆ ಕೇಸು ಮತ್ತೆ ಮೊದಲಿನಿಂದ ಶುರುವಾಗುತ್ತಾ?

ಚೆಕ್ ಬೌನ್ಸ್, ಹೊಡೆದಾಟ, ವಾಹನ ಅಪಘಾತ, ಮಾನನಷ್ಟದಂಥ ಕೇಸುಗಳಲ್ಲಿ ಜಾಮೀನಿನ ಮೇಲಿರುವ ಆರೋಪಿ ಸಾಮಾನ್ಯವಾಗಿ ಅವತ್ತೇ ಜೈಲಿಗೆ ಹೋಗಬೇಕಾಗಿಲ್ಲ. ಕೇಸು ಮೊದಲಿನಿಂದ ಶುರುವಾಗುವುದೂ ಇಲ್ಲ. ಈ ಎರಡನೇ ಸಂಗತಿ ತುಂಬಾ ಜನರಿಗೆ ತಿಳಿದಿರುವುದಿಲ್ಲ. 'ಇಲ್ಲಿ ಹೇಳದೆ ಬಿಟ್ಟದ್ದನ್ನು ಮೇಲಿನ ಕೋರ್ಟಿನಲ್ಲಿ ಹೇಳಿದರಾಯ್ತು' ಎಂದು ಸುಮ್ನೆ ಕೂತವರು ಆಮೇಲೆ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ.

ಇಲ್ಲಿ ಹೇಳುತ್ತಿರುವುದು ಕ್ರಿಮಿನಲ್ ಕೇಸುಗಳ ವಿಚಾರ ಮಾತ್ರ. ಆಸ್ತಿ, ಪಾಲು, ಬಾಡಿಗೆಯ ದಾವೆಗಳ ದಾರಿ ಬೇರೆ. ಇನ್ನೊಂದು ಮಾತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕಲಂಗಳ ನಂಬರು ಬದಲಾಗಿವೆ, ಅಪೀಲಿನ ನಿಯಮಗಳು ಹೆಚ್ಚೂಕಡಿಮೆ ಹಾಗೇ ಉಳಿದಿವೆ. ವಕೀಲರು ಇವತ್ತಿಗೂ ಬಾಯಿತಪ್ಪಿ '374' (ಅಪೀಲಿನ ಕಲಂ), '389' (ಶಿಕ್ಷೆಯನ್ನು ಅಮಾನತಿನಲ್ಲಿಡುವ ಕಲಂ) ಅಂತಲೇ ಅನ್ನುವುದುಂಟು. ಹೊಸ ಪುಸ್ತಕದಲ್ಲಿ ಅವು 415 ಮತ್ತು 430.

ಮ್ಯಾಜಿಸ್ಟ್ರೇಟ್ ಅಂದರೆ ಯಾರು, ಮೇಲಿನ ಕೋರ್ಟ್ ಯಾವುದು?

ತಾಲ್ಲೂಕು ಮಟ್ಟದಲ್ಲಿ ಜನ 'ಜೆಎಂಎಫ್‌ಸಿ ಕೋರ್ಟ್' ಅನ್ನುವುದು ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ ನ್ಯಾಯಾಲಯವನ್ನು. ಇವರು ಕೊಡಬಹುದಾದ ಜೈಲು ಶಿಕ್ಷೆ ಹೆಚ್ಚೆಂದರೆ 3 ವರ್ಷ. ಹೊಸ ಸಂಹಿತೆಯಲ್ಲಿ ದಂಡದ ಮಿತಿ 10,000 ರೂಪಾಯಿಯಿಂದ 50,000 ರೂಪಾಯಿಗೆ ಏರಿದೆ. (ಚೆಕ್ ಬೌನ್ಸ್ ಕೇಸಿಗೆ ಈ ಮಿತಿ ಅಡ್ಡ ಬರುವುದಿಲ್ಲ. ಅಲ್ಲಿ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ ಹಾಕಬಹುದು.) ಜಿಲ್ಲೆಯ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು, ಅಂದರೆ ಸಿಜೆಎಂ, 7 ವರ್ಷದವರೆಗೆ ಶಿಕ್ಷೆ ಕೊಡಬಹುದು.

ತಹಶೀಲ್ದಾರರನ್ನೂ ತಾಲ್ಲೂಕು ಮ್ಯಾಜಿಸ್ಟ್ರೇಟ್ ಅನ್ನುವುದುಂಟಲ್ಲ, ಅವರು ಕಾರ್ಯಪಾಲಕ ಮ್ಯಾಜಿಸ್ಟ್ರೇಟ್. ಶಾಂತಿಭಂಗದ ಬಾಂಡ್ ಬರೆಸಿಕೊಳ್ಳುವಂಥ ಕೆಲಸ ಅವರದು. ಈ ಲೇಖನಕ್ಕೆ ಅವರು ಸಂಬಂಧಪಟ್ಟವರಲ್ಲ.

ನ್ಯಾಯಿಕ ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಿ ಶಿಕ್ಷೆ ಕೊಟ್ಟರೆ ಅಪೀಲು ಹೋಗುವುದು ಆ ಜಿಲ್ಲೆಯ ಸೆಷನ್ಸ್ ಕೋರ್ಟಿಗೆ. ಅಲ್ಲಿ ಪ್ರಧಾನ ಸೆಷನ್ಸ್ ನ್ಯಾಯಾಧೀಶರು ಅಥವಾ ಹೆಚ್ಚುವರಿ ಸೆಷನ್ಸ್ ನ್ಯಾಯಾಧೀಶರು ಅದನ್ನು ಕೇಳುತ್ತಾರೆ. ನೇರವಾಗಿ ಹೈಕೋರ್ಟಿಗೆ ಓಡಬೇಕಾಗಿಲ್ಲ.

ಈ ಅಪೀಲು ಕೋರ್ಟು ದಯೆಯಿಂದ ಕೊಡುವ ಅವಕಾಶವೂ ಅಲ್ಲ. ಶಿಕ್ಷೆಯಾದವನಿಗೆ ಕನಿಷ್ಠ ಒಂದು ಅಪೀಲಿನ ಅವಕಾಶ ಇರಬೇಕು, ತೀರ್ಪಿನ ಪ್ರತಿ ಸಕಾಲಕ್ಕೆ ಕೈಸೇರಬೇಕು, ವಕೀಲರನ್ನು ಇಟ್ಟುಕೊಳ್ಳಲಾಗದ ಕೈದಿಗೆ ಕಾನೂನು ನೆರವು ಸಿಗಬೇಕು ಎಂದು ಸುಪ್ರೀಂ ಕೋರ್ಟ್ 1978ರ ಎಂ.ಎಚ್. ಹೊಸ್ಕೋಟ್ ಪ್ರಕರಣದಲ್ಲೇ ಹೇಳಿದೆ.

ಕಡತವನ್ನು ಮತ್ತೆ ಓದುವುದು

ಪಿಯುಸಿ ಉತ್ತರ ಪತ್ರಿಕೆಯ ಮರುಮೌಲ್ಯಮಾಪನ ಗೊತ್ತಲ್ವಾ? ವಿದ್ಯಾರ್ಥಿ ಮತ್ತೆ ಪರೀಕ್ಷೆ ಬರೆಯುವುದಿಲ್ಲ. ಬರೆದದ್ದನ್ನೇ ಇನ್ನೊಬ್ಬರು ಓದಿ, ಅಂಕ ಸರಿಯಾಗಿ ಬಿದ್ದಿದೆಯಾ ನೋಡುತ್ತಾರೆ. ಬರೆಯದೆ ಬಿಟ್ಟ ಉತ್ತರಕ್ಕೆ ಎಷ್ಟು ಸಲ ಮೌಲ್ಯಮಾಪನ ಮಾಡಿದರೂ ಅಂಕ ಬರುವುದಿಲ್ಲ. ಅಪೀಲೂ ಹಾಗೇ.

ಸೆಷನ್ಸ್ ನ್ಯಾಯಾಧೀಶರ ಮುಂದೆ ಸಾಕ್ಷಿಗಳು ಮತ್ತೆ ಬಂದು ಕಟಕಟೆ ಹತ್ತುವುದಿಲ್ಲ. ಕೆಳಗಿನ ಕೋರ್ಟಿನ ಮೂಲ ಕಡತವನ್ನು ತರಿಸಿಕೊಳ್ಳುತ್ತಾರೆ. ಕೋರ್ಟ್ ಆವರಣದಲ್ಲಿ ಇದಕ್ಕೆ 'ಎಲ್‌ಸಿಆರ್' ಎನ್ನುತ್ತಾರೆ. 'ಎಲ್‌ಸಿಆರ್ ಬಂದಿಲ್ಲ' ಎಂಬ ಕಾರಣಕ್ಕೆ ವಾಯಿದೆ ಮುಂದೆ ಹೋಗುವುದು ಮಾಮೂಲಿ. ಕಡತ ಬಂದ ಮೇಲೆ ಎರಡೂ ಕಡೆಯ ವಕೀಲರು ಅದರಲ್ಲಿರುವ ಸಾಕ್ಷ್ಯ, ದಾಖಲೆ ಮತ್ತು ತೀರ್ಪನ್ನು ಮುಂದಿಟ್ಟುಕೊಂಡು ವಾದ ಮಾಡುತ್ತಾರೆ.

ಹಾಗಂತ ಇದು ಸುಮ್ನೆ ಕಣ್ಣಾಡಿಸುವ ಕೆಲಸ ಅಲ್ಲ. ಶಿಕ್ಷೆಯ ವಿರುದ್ಧದ ಅಪೀಲಿನಲ್ಲಿ ಸೆಷನ್ಸ್ ಕೋರ್ಟ್ ಕಾನೂನಿನ ತಪ್ಪನ್ನೂ ನೋಡಬಹುದು, ಸಂಗತಿಗಳನ್ನು ಅಳೆದದ್ದರಲ್ಲಿ ಆದ ತಪ್ಪನ್ನೂ ನೋಡಬಹುದು. ಮುಖ್ಯ ಸಾಕ್ಷಿ ಪಾಟೀಸವಾಲಿನಲ್ಲಿ 'ನಾನು ಘಟನೆಯನ್ನು ಕಣ್ಣಾರೆ ನೋಡಿಲ್ಲ' ಎಂದು ಒಪ್ಪಿಕೊಂಡಿದ್ದಾನೆ, ತೀರ್ಪಿನಲ್ಲಿ ಆ ಮಾತಿನ ಸುದ್ದಿಯೇ ಇಲ್ಲ ಅಂದುಕೊಳ್ಳಿ. ಅಪೀಲಿಗೆ ಗಟ್ಟಿ ಆಧಾರ ಅಂದರೆ ಇಂಥದ್ದು. 'ತೀರ್ಪು ಅನ್ಯಾಯವಾಗಿದೆ' ಎಂದು ಹತ್ತು ಪುಟ ಬರೆದರೂ ಅದು ಆಧಾರವಾಗುವುದಿಲ್ಲ. ಯಾವ ಸಾಕ್ಷಿ, ಯಾವ ಪುಟ, ಯಾವ ಮಾತು ಎಂದು ಬೆರಳಿಟ್ಟು ತೋರಿಸಬೇಕು.

ಹೊಸ ಸಾಕ್ಷ್ಯಕ್ಕೆ ಬಾಗಿಲು ಪೂರ್ತಿ ಮುಚ್ಚಿದೆ ಅಂತಲೂ ಅಲ್ಲ. ಕಲಂ 432ರ ಪ್ರಕಾರ, ಅಗತ್ಯ ಅನ್ನಿಸಿದರೆ ಸೆಷನ್ಸ್ ಕೋರ್ಟ್ ಕಾರಣ ಬರೆದು ಹೆಚ್ಚುವರಿ ಸಾಕ್ಷ್ಯ ಪಡೆಯಬಹುದು. ಆದರೆ ವಿಚಾರಣೆಯಲ್ಲಿ ಕೈಯಲ್ಲೇ ಇದ್ದ ದಾಖಲೆಯನ್ನು ಹಾಜರುಪಡಿಸದೆ ಈಗ ತಂದರೆ, 'ಆಗ ಏಕೆ ತರಲಿಲ್ಲ?' ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಬೇಕಾಗುತ್ತದೆ.

30 ದಿನದ ಲೆಕ್ಕ

ಸೆಷನ್ಸ್ ಕೋರ್ಟಿಗೆ ಅಪೀಲು ಸಲ್ಲಿಸಲು 1963ರ ಕಾಲಮಿತಿ ಕಾಯ್ದೆ ಕೊಡುವುದು 30 ದಿನ. ತೀರ್ಪು ಬಂದ ದಿನವನ್ನು ಎಣಿಸುವಂತಿಲ್ಲ. ತೀರ್ಪಿನ ದೃಢೀಕೃತ ಪ್ರತಿ ಸಿದ್ಧವಾಗಲು ಹಿಡಿದ ದಿನಗಳನ್ನೂ ಬಿಟ್ಟು ಎಣಿಸುತ್ತಾರೆ. ಜೂನ್ 4ರಂದು ಪ್ರತಿಗೆ ಅರ್ಜಿ ಹಾಕಿದಿರಿ, 12ಕ್ಕೆ ಸಿದ್ಧವಾಯಿತು ಅಂದರೆ ನಡುವಿನ ದಿನಗಳು ನಿಮ್ಮ ಲೆಕ್ಕಕ್ಕೆ ಸೇರಿ ಗಡುವು ಅಷ್ಟು ಮುಂದೆ ಹೋಗುತ್ತದೆ. ಅರ್ಜಿಯ ದಿನ, ಸಿದ್ಧವಾದ ದಿನ ಎಲ್ಲವೂ ಪ್ರತಿಯ ಮೇಲಿನ ಮೊಹರಿನಲ್ಲಿ ಇರುತ್ತವೆ. ಆದರೆ 12ಕ್ಕೆ ಸಿದ್ಧವಾದ ಪ್ರತಿಯನ್ನು ನೀವು 25ಕ್ಕೆ ಹೋಗಿ ತಂದರೆ, ಆ ತಡ ನಿಮ್ಮದೇ.

ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಒಂದು ಪ್ರತಿಯನ್ನು ಕೋರ್ಟು ತೀರ್ಪು ಓದಿದ ತಕ್ಷಣ ಉಚಿತವಾಗಿ ಕೊಡಬೇಕು. ಕಲಂ 404 ಹೇಳುವುದು ಇದನ್ನೇ. ಕೇಳಿ ಪಡೆಯಲು ಹಿಂಜರಿಯಬೇಕಾಗಿಲ್ಲ.

30 ದಿನ ಮೀರಿತು ಅಂದಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಅಪೀಲಿನ ಜೊತೆ ವಿಳಂಬ ಮನ್ನಾ ಅರ್ಜಿ ಹಾಕಿ, ತಡವಾಗಿದ್ದಕ್ಕೆ ಸಕಾರಣ ತೋರಿಸಬಹುದು. ಆಸ್ಪತ್ರೆಯಲ್ಲಿದ್ದೆ ಅಂದರೆ ದಾಖಲೆ ಇಡಬೇಕು. 'ಗೊತ್ತಿರಲಿಲ್ಲ' ಎಂಬ ಒಂದೇ ಮಾತಿಗೆ ತೂಕ ಕಮ್ಮಿ.

ಸಲ್ಲಿಸುವ ಕಾಗದಗಳು ಬಹಳವೇನಿಲ್ಲ. ಅಪೀಲಿನ ಅರ್ಜಿ, ತೀರ್ಪಿನ ದೃಢೀಕೃತ ಪ್ರತಿ, ವಕಾಲತ್ತು, ಶಿಕ್ಷೆಯನ್ನು ಅಮಾನತಿನಲ್ಲಿಡಿ ಎಂಬ ಇನ್ನೊಂದು ಅರ್ಜಿ. ಈ ಕೊನೆಯದು ಬಹಳ ಮುಖ್ಯ.

ಅಪೀಲು ಮುಗಿಯುವವರೆಗೆ ಜೈಲಿನಲ್ಲಿರಬೇಕಾ?

ಅಪೀಲು ಹಾಕಿದ ತಕ್ಷಣ ಶಿಕ್ಷೆ ತಾನೇ ತಾನಾಗಿ ನಿಲ್ಲುವುದಿಲ್ಲ. ಕೋರ್ಟಿನ ಆದೇಶ ಬೇಕು. ಇದು ಎರಡು ಹಂತದಲ್ಲಿ ಸಿಗುತ್ತದೆ.

ಮೊದಲನೆಯದು ಶಿಕ್ಷೆ ಕೊಟ್ಟ ಮ್ಯಾಜಿಸ್ಟ್ರೇಟರ ಬಳಿಯೇ. ಆರೋಪಿ ಜಾಮೀನಿನ ಮೇಲಿದ್ದು, ಶಿಕ್ಷೆ 3 ವರ್ಷ ಮೀರದಿದ್ದರೆ, ಅಥವಾ ಅಪರಾಧವೇ ಜಾಮೀನು ಕೊಡಬಹುದಾದದ್ದಾಗಿದ್ದರೆ, 'ಅಪೀಲು ಹಾಕುತ್ತೇನೆ' ಎಂದು ತಿಳಿಸಿದವನಿಗೆ ಅಪೀಲು ಸಲ್ಲಿಸುವಷ್ಟು ಕಾಲಾವಕಾಶ ಕೊಟ್ಟು ಜಾಮೀನಿನ ಮೇಲೆ ಬಿಡಬೇಕು. ಬಿಡದಿರಲು ವಿಶೇಷ ಕಾರಣ ಬೇಕು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಕೊಡಬಹುದಾದ ಗರಿಷ್ಠ ಶಿಕ್ಷೆಯೇ 3 ವರ್ಷ ಆದ್ದರಿಂದ, ಜಾಮೀನಿನ ಮೇಲಿರುವ ಹೆಚ್ಚಿನವರಿಗೆ ಈ ಅನುಕೂಲ ದಕ್ಕುತ್ತದೆ. ಅದಕ್ಕೇ ಅನುಭವಿ ವಕೀಲರು ತೀರ್ಪಿನ ದಿನ ಜಾಮೀನುದಾರರನ್ನೂ ಕೋರ್ಟಿಗೆ ಬರಹೇಳುತ್ತಾರೆ. ಕಕ್ಷಿದಾರರು ಅದನ್ನು ಅಪಶಕುನ ಅಂದುಕೊಳ್ಳಬಾರದು ಅಷ್ಟೇ!

ಎರಡನೆಯದು ಸೆಷನ್ಸ್ ಕೋರ್ಟಿನಲ್ಲಿ. ಅಪೀಲು ದಾಖಲಾದ ಮೇಲೆ, ಅದು ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡುವ ಅಧಿಕಾರ ಕಲಂ 430ರಲ್ಲಿದೆ. ಮ್ಯಾಜಿಸ್ಟ್ರೇಟ್ ಕೊಟ್ಟ ಗಡುವು ಮುಗಿಯುವುದರೊಳಗೆ ಈ ಆದೇಶ ಕೈಯಲ್ಲಿರಬೇಕು. ಇಲ್ಲದಿದ್ದರೆ ವಾರಂಟ್ ಹೊರಡುತ್ತದೆ.

ಶಿಕ್ಷೆ ನಿಂತರೂ 'ದೋಷಿ' ಪಟ್ಟ ನಿಲ್ಲುವುದಿಲ್ಲ

ಇಲ್ಲಿ ಸೂಕ್ಷ್ಮವಾದ ಒಂದು ಗೆರೆ ಇದೆ. ತೀರ್ಪಿನಲ್ಲಿ ಎರಡು ಭಾಗ. 'ಈತ ದೋಷಿ' ಎಂಬ ನಿರ್ಣಯ ಒಂದು, 'ಇಷ್ಟು ವರ್ಷ ಜೈಲು' ಎಂಬ ಶಿಕ್ಷೆ ಇನ್ನೊಂದು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟರೆ ಜೈಲು ತಪ್ಪುತ್ತದೆ, ದೋಷಿ ಎಂಬ ನಿರ್ಣಯ ಹಾಗೇ ಇರುತ್ತದೆ.

ಇಡೀ ದೇಶ ನೋಡಿದ ಉದಾಹರಣೆಯೊಂದು ನಮ್ಮ ಕೋಲಾರದಿಂದಲೇ ಶುರುವಾಯಿತು. 2019ರ ಏಪ್ರಿಲ್‌ನಲ್ಲಿ ಅಲ್ಲಿ ಮಾಡಿದ ಚುನಾವಣಾ ಭಾಷಣಕ್ಕೆ ಸಂಬಂಧಿಸಿ ರಾಹುಲ್ ಗಾಂಧಿ ಅವರ ಮೇಲೆ ಗುಜರಾತಿನ ಸೂರತ್‌ನಲ್ಲಿ ಮಾನನಷ್ಟ ಪ್ರಕರಣ ದಾಖಲಾಯಿತು. 2023ರ ಮಾರ್ಚ್ 23ರಂದು ಮ್ಯಾಜಿಸ್ಟ್ರೇಟ್ ಕೋರ್ಟ್ 2 ವರ್ಷ ಶಿಕ್ಷೆ ಕೊಟ್ಟಿತು. ಅಪೀಲಿಗೆಂದು 30 ದಿನ ಶಿಕ್ಷೆಯನ್ನು ಅದೇ ಕೋರ್ಟು ಅಮಾನತಿನಲ್ಲಿಟ್ಟು ಜಾಮೀನನ್ನೂ ಕೊಟ್ಟಿತು. ಜೈಲು ತಪ್ಪಿತು. ಆದರೂ ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು. ಏಕೆಂದರೆ ಜನಪ್ರತಿನಿಧಿಗಳ ಕಾಯ್ದೆ ನೋಡುವುದು ದೋಷಿ ಎಂಬ ನಿರ್ಣಯವನ್ನೂ 2 ವರ್ಷಕ್ಕೆ ಕಮ್ಮಿ ಇಲ್ಲದ ಶಿಕ್ಷೆಯನ್ನೂ. ಜೈಲಿಗೆ ಹೋದರೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ.

ಹಾಗಾಗಿ ಅವರ ಕಡೆಯವರು ದೋಷಿ ಎಂಬ ನಿರ್ಣಯಕ್ಕೇ ತಡೆ ಕೊಡಿ ಎಂದು ಕೇಳಿದರು. ಸೂರತ್ ಸೆಷನ್ಸ್ ಕೋರ್ಟ್ ಏಪ್ರಿಲ್ 20ರಂದು ನಿರಾಕರಿಸಿತು, ಗುಜರಾತ್ ಹೈಕೋರ್ಟ್ ಜುಲೈ 7ರಂದು ನಿರಾಕರಿಸಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಗರಿಷ್ಠ 2 ವರ್ಷದ ಶಿಕ್ಷೆಯನ್ನೇ ಏಕೆ ಕೊಡಬೇಕಾಯಿತು ಎಂಬುದಕ್ಕೆ ಮ್ಯಾಜಿಸ್ಟ್ರೇಟ್ ಕಾರಣ ಬರೆದಿಲ್ಲ, ಒಂದು ದಿನ ಕಮ್ಮಿಯಾಗಿದ್ದರೂ ಅನರ್ಹತೆ ಬರುತ್ತಿರಲಿಲ್ಲ ಎಂದು ಕೋರ್ಟ್ ಗಮನಿಸಿತು. ಮೂರು ದಿನದಲ್ಲಿ ಸದಸ್ಯತ್ವ ಮರಳಿತು. ಗಮನಿಸಿ, ಇಷ್ಟೆಲ್ಲ ಓಡಾಟ ನಡೆದದ್ದು ಮುಖ್ಯ ಅಪೀಲಿನ ಮೇಲಲ್ಲ, ಅದು ತೀರ್ಮಾನವಾಗುವವರೆಗಿನ ತಡೆಗಾಗಿ.

ಸರ್ಕಾರಿ ನೌಕರರಿಗೂ ಈ ಗೆರೆ ಮುಖ್ಯ. ಶಿಕ್ಷೆ ಅಮಾನತಿನಲ್ಲಿದ್ದರೂ ದೋಷಿ ಎಂಬ ನಿರ್ಣಯದ ಮೇಲೆ ಇಲಾಖೆ ಕ್ರಮ ಕೈಗೊಳ್ಳಬಹುದು. ನಿರ್ಣಯಕ್ಕೇ ತಡೆ ಕೊಡುವುದು ಅಪರೂಪ. ಅದಕ್ಕೆ ಪ್ರತ್ಯೇಕವಾಗಿ ಕೇಳಬೇಕು, ತಡೆ ಸಿಗದಿದ್ದರೆ ಸರಿಪಡಿಸಲಾಗದ ನಷ್ಟ ಏನು ಎಂದು ತೋರಿಸಬೇಕು.

ಚೆಕ್ ಬೌನ್ಸ್ ಕೇಸಿನಲ್ಲಿ ದುಡ್ಡು ಕಟ್ಟಬೇಕಾ?

ಹೆಚ್ಚಾಗಿ ಹೌದು. ವರ್ಗಾವಣೀಯ ಲಿಖಿತಗಳ ಕಾಯ್ದೆಗೆ 2018ರಲ್ಲಿ ಸೇರಿದ ಕಲಂ 148ರ ಪ್ರಕಾರ, ಅಪೀಲು ಕೇಳುವ ಕೋರ್ಟ್ ದಂಡ ಅಥವಾ ಪರಿಹಾರದ ಕನಿಷ್ಠ 20% ಹಣವನ್ನು ಠೇವಣಿ ಇಡಲು ಹೇಳಬಹುದು. ಪರಿಹಾರ 5 ಲಕ್ಷ ಎಂದಾದರೆ ಕನಿಷ್ಠ 1 ಲಕ್ಷ. ಕಟ್ಟಲು 60 ದಿನ, ಸಕಾರಣವಿದ್ದರೆ ಇನ್ನೂ 30 ದಿನ. ವಿಚಾರಣೆಯ ವೇಳೆ ಮಧ್ಯಂತರ ಪರಿಹಾರ ಅಂತ ಕೊಟ್ಟ ಹಣವನ್ನು ಇದರಲ್ಲಿ ಕಳೆಯುವುದಿಲ್ಲ. ಕಟ್ಟಿದ ಹಣವನ್ನು ದೂರುದಾರನಿಗೆ ಬಿಡುಗಡೆ ಮಾಡಲೂ ಕೋರ್ಟ್ ಆದೇಶಿಸಬಹುದು. ಕೊನೆಗೆ ಅಪೀಲುದಾರ ಖುಲಾಸೆಯಾದರೆ ದೂರುದಾರ ಅದನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು.

ವಿನಾಯಿತಿ ಇಲ್ಲವೇ ಇಲ್ಲ ಅಂತಲ್ಲ. ಅಸಾಧಾರಣ ಸಂದರ್ಭದಲ್ಲಿ, ಕಾರಣ ದಾಖಲಿಸಿ, ಠೇವಣಿ ಬೇಡ ಎನ್ನಬಹುದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಳುವವರು ಆ ಕಾರಣವನ್ನು ಅರ್ಜಿಯಲ್ಲೇ ಬರೆದಿರಬೇಕು. ಅಂದಹಾಗೆ, ಅಪೀಲಿನ ಹಂತದಲ್ಲೂ ಈ ಕೇಸುಗಳನ್ನು ರಾಜಿ ಮಾಡಿಕೊಳ್ಳಬಹುದು. ಎಷ್ಟೋ ಕೇಸುಗಳು ಲೋಕ ಅದಾಲತ್‌ನಲ್ಲಿ ಮುಗಿಯುವುದು ಹೀಗೇ.

ಸೆಷನ್ಸ್ ಕೋರ್ಟ್ ಏನೇನು ಮಾಡಬಹುದು?

ಆಧಾರವೇ ಇಲ್ಲ ಅನ್ನಿಸಿದರೆ, ಅಪೀಲುದಾರನ ಮಾತು ಕೇಳಿ, ಆರಂಭದಲ್ಲೇ ವಜಾ ಮಾಡಬಹುದು. ವಿಚಾರಣೆಗೆ ತೆಗೆದುಕೊಂಡರೆ ತೀರ್ಪನ್ನು ರದ್ದು ಮಾಡಿ ಖುಲಾಸೆಗೊಳಿಸಬಹುದು. ಗಂಭೀರ ಅಪರಾಧದ ಬದಲು ಚಿಕ್ಕ ಅಪರಾಧಕ್ಕೆ ದೋಷಿ ಎನ್ನಬಹುದು. ಶಿಕ್ಷೆ ಇಳಿಸಬಹುದು. ವಿಚಾರಣೆಯೇ ಸರಿಯಾಗಿ ನಡೆದಿಲ್ಲ ಎಂದು ಕಂಡರೆ ಮತ್ತೆ ನಡೆಸಿ ಎಂದು ಕೆಳಗೆ ಕಳಿಸಬಹುದು. ಕೇಸು ಮೊದಲಿನಿಂದ ಶುರುವಾಗುವುದು ಈ ಒಂದು ಸಂದರ್ಭದಲ್ಲಿ.

'ಅಪೀಲು ಹಾಕಿದರೆ ಶಿಕ್ಷೆ ಇನ್ನೂ ಜಾಸ್ತಿ ಆದರೆ?' ಎಂಬ ಭಯ ಸಹಜ. ಆರೋಪಿ ತಾನೇ ಹಾಕಿದ ಅಪೀಲಿನಲ್ಲಿ ಶಿಕ್ಷೆ ಏರಿಸುವಂತಿಲ್ಲ. ಏರಬೇಕಾದರೆ ಸರ್ಕಾರ ಅದಕ್ಕಾಗಿಯೇ ಬೇರೆ ಅಪೀಲು ಹಾಕಿರಬೇಕು, ಆರೋಪಿಗೆ ತನ್ನ ವಾದ ಹೇಳಲು ಅವಕಾಶ ಕೊಟ್ಟಿರಬೇಕು.

ವಾಯಿದೆಗೆ ವಕೀಲರು ಬರಲಿಲ್ಲ ಅಂತ ಅಪೀಲನ್ನು ವಜಾ ಮಾಡಿಬಿಡಬಹುದಾ? ಆಗುವುದಿಲ್ಲ. ಕಡತ ನೋಡಿ, ಗುಣಾವಗುಣಗಳ ಮೇಲೆಯೇ ತೀರ್ಮಾನಿಸಬೇಕು ಎಂದು 1996ರಲ್ಲಿ ಬಾನಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಇದನ್ನು ನಂಬಿಕೊಂಡು ಗೈರಾಗುವುದು ಜಾಣತನ ಅಲ್ಲ. ನಿಮ್ಮ ಪರ ಮಾತಾಡುವವರಿಲ್ಲದೆಯೇ ತೀರ್ಪು ಬರಬಹುದು.

ಆರೋಪಿ ಖುಲಾಸೆಯಾದರೆ ನೊಂದವರಿಗೆ ದಾರಿ?

ಇದೆ. 2009ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿ ನೊಂದವರಿಗೇ ಅಪೀಲಿನ ಹಕ್ಕು ಕೊಟ್ಟಿದೆ. ಈಗ ಅದು ಕಲಂ 413ರಲ್ಲಿದೆ. ಆರೋಪಿ ಖುಲಾಸೆಯಾದರೆ, ಚಿಕ್ಕ ಅಪರಾಧಕ್ಕಷ್ಟೇ ದೋಷಿ ಎಂದರೆ, ಪರಿಹಾರ ಸಾಲದಿದ್ದರೆ ಅಪೀಲು ಹಾಕಬಹುದು. ಶಿಕ್ಷೆ ಕಮ್ಮಿಯಾಯಿತು ಎಂಬ ಕಾರಣಕ್ಕೆ ಮಾತ್ರ ನೊಂದವರು ಹಾಕುವಂತಿಲ್ಲ, ಅದು ಸರ್ಕಾರದ ಕೆಲಸ. ಚೆಕ್ ಬೌನ್ಸ್ ದೂರುದಾರರೂ ಈ ಅರ್ಥದಲ್ಲಿ ನೊಂದವರೇ, ಖುಲಾಸೆಯ ವಿರುದ್ಧ ಅಪೀಲು ಹಾಕಲು ಹೈಕೋರ್ಟಿನ ವಿಶೇಷ ಅನುಮತಿ ಬೇಕಿಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಖುಲಾಸೆಯನ್ನು ಅಲುಗಾಡಿಸುವುದು ಮಾತ್ರ ಕಷ್ಟ. ಕರ್ನಾಟಕದಿಂದಲೇ ಹೋದ ಚಂದ್ರಪ್ಪ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತನ್ನು ಇವತ್ತಿಗೂ ಕೋರ್ಟುಗಳು ಎತ್ತಿ ಹೇಳುತ್ತವೆ. ಖುಲಾಸೆಯಾದವನು ನಿರಪರಾಧಿ ಎಂಬ ಊಹೆ ಇನ್ನಷ್ಟು ಗಟ್ಟಿಯಾಗುತ್ತದೆ. ಸಾಕ್ಷ್ಯದಿಂದ ಎರಡು ಅಭಿಪ್ರಾಯ ಸಾಧ್ಯ ಅನ್ನಿಸಿದರೆ ಖುಲಾಸೆಯನ್ನು ಕದಲಿಸಬಾರದು.

ಅಪೀಲು ಇಲ್ಲದ ಕಡೆ

ಮ್ಯಾಜಿಸ್ಟ್ರೇಟರ ಎಲ್ಲ ಆದೇಶಕ್ಕೂ ಅಪೀಲು ಇಲ್ಲ. 'ತಪ್ಪು ಮಾಡಿದ್ದೇನೆ' ಎಂದು ಒಪ್ಪಿಕೊಂಡು ಶಿಕ್ಷೆಯಾದರೆ, ಶಿಕ್ಷೆಯ ಪ್ರಮಾಣ ಅಥವಾ ಅದು ಕಾನೂನಿಗೆ ಹೊಂದುತ್ತದೆಯೇ ಎಂಬುದನ್ನಷ್ಟೇ ಪ್ರಶ್ನಿಸಬಹುದು. ಬೇಗ ಮುಗಿಯಲಿ ಅಂತ ಒಪ್ಪಿಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ 100 ರೂಪಾಯಿ ಒಳಗಿನ ದಂಡವನ್ನಷ್ಟೇ ಹಾಕಿದ್ದರೆ, ಸಂಕ್ಷಿಪ್ತ ವಿಚಾರಣೆಯಲ್ಲಿ 200 ರೂಪಾಯಿ ಒಳಗಿನ ದಂಡವನ್ನಷ್ಟೇ ಹಾಕಿದ್ದರೆ ಅಪೀಲಿಲ್ಲ.

ಜಾಮೀನು ಅರ್ಜಿ ವಜಾ ಆದರೆ ಅದರ ಮೇಲೆ ಅಪೀಲು ಹಾಕುವುದಿಲ್ಲ, ಸೆಷನ್ಸ್ ಕೋರ್ಟಿನಲ್ಲಿ ಹೊಸ ಜಾಮೀನು ಅರ್ಜಿ ಹಾಕುತ್ತಾರೆ. ಹೆಂಡತಿ, ಮಕ್ಕಳು, ತಂದೆತಾಯಿಯ ಜೀವನಾಂಶದ ಆದೇಶಕ್ಕೆ ಇರುವುದು ರಿವಿಷನ್. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಆದೇಶಕ್ಕೆ ಮಾತ್ರ ಆ ಕಾಯ್ದೆಯಲ್ಲೇ ಅಪೀಲಿದೆ. ಆದೇಶ ಕೈಸೇರಿದ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಹೋಗಬೇಕು.

ರಿವಿಷನ್ ಎಂದರೆ ಕೆಳಗಿನ ಕೋರ್ಟಿನ ಆದೇಶ ಕಾನೂನುಬದ್ಧವೇ, ಕ್ರಮಬದ್ಧವೇ ಎಂಬ ಪರಿಶೀಲನೆ. ಸಾಕ್ಷ್ಯವನ್ನು ಅಪೀಲಿನಷ್ಟು ಆಳವಾಗಿ ತೂಗುವುದಿಲ್ಲ. ಇದಕ್ಕೆ ಕಾಲಮಿತಿ 90 ದಿನ. ಕೇಸಿನ ನಡುವೆ ಬರುವ ಸಣ್ಣಪುಟ್ಟ ಮಧ್ಯಂತರ ಆದೇಶಗಳಿಗೆ ರಿವಿಷನ್ನೂ ಇಲ್ಲ.

ಸೆಷನ್ಸ್‌ನಲ್ಲೂ ಸೋತರೆ?

ಶಿಕ್ಷೆ ಅಲ್ಲೂ ಉಳಿದರೆ ಎರಡನೇ ಅಪೀಲು ಇಲ್ಲ. ಹೈಕೋರ್ಟಿನಲ್ಲಿ ರಿವಿಷನ್ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಬೆಂಗಳೂರು ಪ್ರಧಾನ ಪೀಠ, ಧಾರವಾಡ ಅಥವಾ ಕಲಬುರಗಿ ಪೀಠ, ನಿಮ್ಮ ಜಿಲ್ಲೆ ಯಾವುದಕ್ಕೆ ಸೇರುತ್ತದೋ ಅಲ್ಲಿಗೆ. ಅಲ್ಲಿಂದಾಚೆ ಸಂವಿಧಾನದ 136ನೇ ವಿಧಿಯ ಅಡಿ ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಕೇಳಬಹುದು, ಅದು ಹಕ್ಕಲ್ಲ. ಮೇಲೆ ಹೋದಷ್ಟೂ ಸಂಗತಿಗಳ ಚರ್ಚೆ ಕಿರಿದಾಗುತ್ತದೆ. ಸಾಕ್ಷ್ಯದ ಒಂದೊಂದು ಸಾಲನ್ನೂ ಹಿಡಿದು ವಾದಿಸಲು ಸಿಗುವ ಒಳ್ಳೆಯ ಜಾಗ ಸೆಷನ್ಸ್ ಕೋರ್ಟೇ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಜೈಲಿನಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೇಳಬಹುದು. ಉಳಿದವರಿಗೆ ಆದಾಯ ಮಿತಿ ಇದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ, ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರದ ಕಚೇರಿ ಇರುತ್ತದೆ. 15100 ಸಹಾಯವಾಣಿಗೂ ಕರೆ ಮಾಡಬಹುದು.

ಈಗಾಗಲೇ ಜೈಲಿನಲ್ಲಿರುವವರು ಅಪೀಲಿನ ಅರ್ಜಿಯನ್ನೂ ತೀರ್ಪಿನ ಪ್ರತಿಯನ್ನೂ ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಸಾಕು. ಅದನ್ನು ಸೆಷನ್ಸ್ ಕೋರ್ಟಿಗೆ ಕಳಿಸುವುದು ಆ ಅಧಿಕಾರಿಯ ಕರ್ತವ್ಯ. ಕೊಟ್ಟ ದಿನಾಂಕವನ್ನು ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಬರೆಸಿಕೊಂಡು ಇಟ್ಟುಕೊಳ್ಳುವುದು ಒಳ್ಳೆಯದು.